ಮಾತಾಡದ ದೇವರಿಗೆ ಮೂರು ಭಾಷೆ

ಹೋದ ಕಾರ್ತಿಕದಲ್ಲಿ ತಮ್ಮನ ಮೊಮ್ಮಗಳ ಜೊತೆ ಸಿರಾಕ್ಕೆ ಹೊರಟಿದ್ದೆ. ಕಳ್ಳಂಬೆಳ್ಳ ಇನ್ನೇನು ಬಂತು ಅನ್ನುವಾಗ ಬಸ್ಸು ಗೊರ್ ಎಂದು ನಿಂತುಬಿಟ್ಟಿತು. ಡ್ರೈವರ್ ಇಳಿದು ಬಾನೆಟ್ ಎತ್ತಿದ, ಕಂಡಕ್ಟರ್ ಬೀಡಿ ಹಚ್ಚಿದ, ಜನ ಬೈಯಲು ಶುರು ಮಾಡಿದರು. ನಾನೂ ನಾಲ್ಕು ಬೈಯೋಣವೆಂದು ಕಿಟಕಿಯಿಂದ ತಲೆ ಹಾಕಿದವಳು ಹಾಗೇ ಸುಮ್ಮನಾದೆ. ರಸ್ತೆ ಪಕ್ಕದ ಹೊಲದಲ್ಲಿ ಹೆಂಗಸರು ಕಡಲೆಕಾಯಿ ಗಿಡ ಕೀಳುತ್ತಿದ್ದರು. ಹಿಂದಿನ ದಿನದ ಮಳೆಗೆ ನೆಂದ ಕೆಂಪು ಮಣ್ಣು, ಎಳೆದು ಹಾಕಿದ ಹಸಿ ಕಾಯಿ, ಕಿತ್ತ ಬೇರು, ಎಲ್ಲ ಸೇರಿ ಒಂದು ವಾಸನೆ ಬರುತ್ತದಲ್ಲ, ಅದು ನೇರ ಮೂಗಿಗೆ ಬಡಿಯಿತು. "ಏನಜ್ಜಿ, ವಾಂತಿ ಬರೋ ಹಾಗಿದೆಯಾ?" ಎಂದು ಹುಡುಗಿ ಗಾಬರಿಯಾದಳು. "ವಾಂತಿನೂ ಇಲ್ಲ, ಗೀಂತಿನೂ ಇಲ್ಲ, ಸುಮ್ನಿರೇ" ಎಂದೆ. ನನಗೆ ಇಪ್ಪತ್ತೆರಡು ವರ್ಷವಾಗಿದ್ದಾಗಿನ ಕಾರ್ತಿಕ ಕಣ್ಣ ಮುಂದೆ ಬಂದು ನಿಂತಿತ್ತು. ಮಹಾರಾಜರ ಕಾಲ ಅದು. ಇದೇ ದಾರಿಯಲ್ಲಿ, ಇದೇ ವಾಸನೆಯೊಳಗೆ, ಎತ್ತಿನ ಗಾಡಿಯಲ್ಲಿ ಕೂತು ನಾನು ಊರೂರಿಗೆ ಹೋಗಿ ದೇವರಿಗೆ ಬಾಯಿದ್ದರೂ ಮಾತಿಲ್ಲ ಎಂದು ಓದಿ ಬಂದಿದ್ದೆ. ನಾನು, ಪೂಜಾರಿಯ ಮಗಳು!

ನಮ್ಮೂರು ಕಳ್ಳಂಬೆಳ್ಳದ ಕೆರೆಯ ಆಚೆ ದಡದ್ದು. ನಮ್ಮ ಅಪ್ಪಯ್ಯ ಅಲ್ಲಿಯ ವೀರಭದ್ರ ದೇವರ ಪೂಜಾರಿ. ನಾನು ಮದುವೆಯಾಗಿ, ಗಂಡ ಅನ್ನುವವನ ಮುಖ ಸರಿಯಾಗಿ ನೋಡುವ ಮುಂಚೆಯೇ ಅವನು ಜ್ವರ ಬಂದು ಹೋಗಿಬಿಟ್ಟ. ತಿರುಗಿ ಅಪ್ಪಯ್ಯನ ಮನೆಗೇ ಬಂದೆ. ಮನೆಯಲ್ಲಿ ಸುಮ್ಮನೆ ಕೂತು ಏನು ಮಾಡೀಯೆ ಎಂದು ಅಪ್ಪಯ್ಯ ಗುಡಿಯ ಜಗಲಿಯ ಮೇಲೆ ಅಕ್ಷರ ಕಲಿಸಿದರು, ಆಮೇಲೆ ಹಳೆಯ ಪುರಾಣಗಳನ್ನು ಓದಿಸಿದರು. ಸಿರಾದ ಮಿಷನ್ನಿನವರ ಹೆಣ್ಣುಮಕ್ಕಳ ಶಾಲೆಗೆ ಕನ್ನಡ ಹೇಳಿಕೊಡುವ ಹೆಂಗಸು ಬೇಕೆಂದು ಸುದ್ದಿ ಬಂದಾಗ ಸೋದರತ್ತೆಯ ಮನೆಯಲ್ಲಿರುವುದು, ಶಾಲೆಯಲ್ಲಿ ತೊಟ್ಟು ನೀರೂ ಕುಡಿಯಬಾರದು ಎಂಬ ಕರಾರಿನ ಮೇಲೆ ಕಳಿಸಿದರು. ಕುಡಿಯದೆ ಏನು, ಬೇಸಿಗೆಯಲ್ಲಿ ಹೊಟ್ಟೆ ತುಂಬ ಕುಡಿದಿದ್ದೇನೆ. ಅಪ್ಪಯ್ಯ ಕೇಳಲಿಲ್ಲ, ನಾನು ಹೇಳಲಿಲ್ಲ.

ಆ ವರ್ಷ ಕಡಲೆಕಾಯಿ ಹೂ ಬಿಡುವ ಹೊತ್ತಿಗೆ ಎರಡು ಸುದ್ದಿ ಒಟ್ಟಿಗೆ ಬಂದವು. ಶಾಲೆ ನಡೆಸುತ್ತಿದ್ದ ಬಿಳಿ ದೊರೆಸಾನಿ ನನ್ನನ್ನು ಕರೆದು, ತುಮಕೂರಿನಲ್ಲಿ ಉಪಾಧ್ಯಾಯಿನಿಯರ ತರಬೇತಿಗೆ ನಿನ್ನ ಹೆಸರು ಹೇಳಿದ್ದೇನೆ, ಸಂಕ್ರಾಂತಿಗೆ ಸೇರಬೇಕು, ತಂದೆಯ ಒಪ್ಪಿಗೆ ತೆಗೆದುಕೊಂಡು ಬಾ ಎಂದರು. ತರಬೇತಿ ಮುಗಿಸಿದರೆ ನಾನು ಪೂರಾ ಮೇಡಂ, ಯಾರ ಮನೆಯ ಹಂಗೂ ಇಲ್ಲ. ಅದೇ ವಾರ ಮಧುಗಿರಿಯಿಂದ ನನ್ನ ಭಾವ ಚನ್ನಬಸಪ್ಪ, ಎಂದರೆ ಗಂಡನ ಅಣ್ಣ, ಹೇಳಿ ಕಳಿಸಿದ: ಮನೆಯಲ್ಲಿ ಬಾಣಂತಿ ಇದ್ದಾಳೆ, ದನ ಕರು ಇವೆ, ಕೈ ಸಾಲದು, ಕಡಲೆಕಾಯಿ ಕೀಳುವ ಹೊತ್ತಿಗೆ ಬಂದು ಕರೆದುಕೊಂಡು ಹೋಗುತ್ತೇನೆ, ನಮ್ಮ ಮನೆಗೆ ಬಂದ ಹೆಣ್ಣು ನಮ್ಮ ಮನೆಯಲ್ಲೇ ಇರಲಿ. ಆ ಮನೆಯ ಕೊಟ್ಟಿಗೆ ನನಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಗೆ ಹೋದರೆ ಮತ್ತೆ ಪುಸ್ತಕ ಮುಟ್ಟುವ ಮಾತಿಲ್ಲ. ನನ್ನ ಜೊತೆ ಊರಿಗೆ ಬಂದ ಸೋದರತ್ತೆ ಅಪ್ಪಯ್ಯನ ಮುಂದೆ ಎರಡನ್ನೂ ಇಟ್ಟರು. ಅಪ್ಪಯ್ಯ ಎರಡಕ್ಕೂ "ನೋಡಾನ" ಎಂದರು. ಅವರ "ನೋಡಾನ" ಅಂದರೆ ಹೂಂ ಅಂತಲೂ ಅಲ್ಲ, ಊಹೂಂ ಅಂತಲೂ ಅಲ್ಲ. ಹಾಗೇ ಸಿರಾಕ್ಕೆ ತಿರುಗಿ ಬಂದೆ.

ಆಗಲೇ ದೊರೆಸಾನಿಗೆ ಆ ಕೆಲಸ ತಲೆಗೆ ಹೊಕ್ಕಿದ್ದು. ದೊರೆಸಾನಿ ಎತ್ತರದ ಹೆಂಗಸು, ಬಿಸಿಲಿಗೆ ಮೂಗಿನ ತುದಿ ಸದಾ ಕೆಂಪು. ಕನ್ನಡ ಕಲಿತದ್ದು ವ್ಯಾಕರಣ ಪುಸ್ತಕದಿಂದ, ಹಾಗಾಗಿ ನಾಯಿಯನ್ನು ಓಡಿಸುವಾಗಲೂ "ನೀನು ಇಲ್ಲಿಂದ ಹೊರಟುಹೋಗತಕ್ಕದ್ದು" ಎನ್ನುತ್ತಿದ್ದರು. ಅವರ ವೇದಗ್ರಂಥದಲ್ಲಿ ವಿಗ್ರಹಗಳನ್ನು ಕುರಿತ ಕೆಲವು ಹಳೆಯ ವಾಕ್ಯಗಳಿದ್ದವು. ಅವು ಮನುಷ್ಯರ ಕೈಕೆಲಸ, ಬಾಯುಂಟು ಮಾತಿಲ್ಲ, ಕಣ್ಣುಂಟು ನೋಟವಿಲ್ಲ, ಕಿವಿಯುಂಟು ಕೇಳುವುದಿಲ್ಲ, ಮೂಗುಂಟು ವಾಸನೆ ಗೊತ್ತಾಗದು, ಕಾಲುಂಟು ನಡಿಗೆಯಿಲ್ಲ ಎಂಬ ಅರ್ಥದವು. ಅವುಗಳ ಅಚ್ಚಾದ ಕನ್ನಡ ಅನುವಾದ ಇತ್ತು, ಆದರೆ ಅದನ್ನು ಓದಿದರೆ ಜನ ಆಕಳಿಸುತ್ತಿದ್ದರು. ಸುಗ್ಗಿಯ ಕಾಲದಲ್ಲಿ ಜನ ಕಣಗಳಲ್ಲಿ ಕೂಡುತ್ತಾರೆ, ಅವರ ಬಾಯಿಮಾತಿನಲ್ಲೇ ಈ ವಾಕ್ಯಗಳನ್ನು ಬರೆದು, ಒಂದು ಹಾಳೆ ಅಚ್ಚು ಹಾಕಿಸಿ ಹಂಚಬೇಕು ಎಂಬುದು ಅವರ ಆಸೆ. ನಮ್ಮ ಕಡೆಗೆ ಕನ್ನಡ, ಪಾವಗಡದ ಕಡೆಗೆ ತೆಲುಗು, ಸಿರಾ ಪೇಟೆಗೆ ಉರ್ದು.

ಕನ್ನಡ ನನ್ನ ಪಾಲಿಗೆ ಬಂತು. ಪೂಜಾರಿಯ ಮಗಳಾಗಿ ಇದನ್ನು ಬರೆಯಲು ನಿನಗೆ ಏನೂ ಅನ್ನಿಸಲಿಲ್ಲವೇ ಎಂದು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ನಿಜ ಹೇಳಬೇಕೆಂದರೆ ಆ ಮಾತುಗಳು ನನಗೆ ಹೊಸವೇ ಆಗಿರಲಿಲ್ಲ. ನಮ್ಮ ಶರಣರು ಕಲ್ಲುದೇವರು ಮಣ್ಣುದೇವರುಗಳನ್ನು ಇದಕ್ಕಿಂತ ಖಾರವಾಗಿ ಬೈದಿದ್ದಾರೆ. ಅಪ್ಪಯ್ಯ ಆ ವಚನಗಳನ್ನೇ ಹಾಡಿಕೊಳ್ಳುತ್ತ ವೀರಭದ್ರನ ಬೆಳ್ಳಿ ಮುಖವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗುತ್ತಿದ್ದರು. ಒಂದು ಕಡೆ ಬೈಗುಳ, ಒಂದು ಕಡೆ ಪೂಜೆ, ಎರಡೂ ಅವರ ಮನಸ್ಸಿನಲ್ಲಿ ಜಗಳವಿಲ್ಲದೆ ಇದ್ದವು. ನನಗಿದ್ದ ಭಯ ದೇವರದಲ್ಲ, ಊರಿನದು. ಆದರೂ ಒಪ್ಪಿಕೊಂಡೆ. ಈ ಮಾತು ಸರಿಯೋ ಆ ಮಾತು ಸರಿಯೋ ಎಂದು ಒಬ್ಬರು ನನ್ನನ್ನು ಕೂರಿಸಿ ಕೇಳಿದ್ದು ಅದೇ ಮೊದಲು. ಆ ಖುಷಿ ಬಿಡಲು ಮನಸ್ಸಾಗಲಿಲ್ಲ.

ತೆಲುಗಿಗೆ ವೈ.ಎನ್.ಹೊಸಕೋಟೆಯ ನರಸಪ್ಪ ಮೇಷ್ಟ್ರು ಬಂದರು. ಸಣಕಲು ಆಳು, ದೊಡ್ಡ ಗಂಟಲು, ನಶ್ಯದ ಡಬ್ಬಿ ಕೈ ಬಿಡುತ್ತಿರಲಿಲ್ಲ. ಉರ್ದುವಿಗೆ ಸಿರಾ ಪೇಟೆಯ ಖಾದರ್ ಸಾಹೇಬರು, ಗಿಡಮೂಲಿಕೆ ಔಷಧ ಕೊಡುವ ಹಕೀಮರು, ಗಡ್ಡಕ್ಕೆ ಮದರಂಗಿ ಹಚ್ಚಿಕೊಂಡು ನಗುನಗುತ್ತ ಬರುವವರು. ಶಾಲೆ ಬಿಟ್ಟ ಮೇಲೆ ವೆರಾಂಡದಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ದೊರೆಸಾನಿ ಕುರ್ಚಿಯಲ್ಲಿ.

ಮೊದಲ ದಿನವೇ ಜಗಳ. ವಿಗ್ರಹಕ್ಕೆ ಬರೀ "ಕಲ್ಲು" ಎಂದು ಹಾಕಿಬಿಡಿ ಎಂದರು ದೊರೆಸಾನಿ. ನಾನು ಆಗದು ಎಂದೆ. "ಕಲ್ಲಿಗೆ ಬಾಯಿ ಎಲ್ಲಿಂದ ಬರಬೇಕು? ಕೇಳಿದೋರು ನಗ್ತಾರೆ." "ಬೊಂಬೆ" ಎಂದು ಬರೆಯೋಣ ಎಂದರು ನರಸಪ್ಪನವರು, ಆಮೇಲೆ ತಾವೇ, "ಬೊಂಬೆ ಅಂದ್ರೆ ನಮ್ಮೂರಾಗೆ ಹೊಡೀತಾರಮ್ಮ" ಎಂದು ಹೊಡೆದು ಹಾಕಿದರು. ಕೊನೆಗೆ ಕನ್ನಡದಲ್ಲಿ "ಮಾಡಿಟ್ಟ ದೇವರು" ಎಂದು ನಿಂತಿತು. ಕಾಲುಂಟು ನಡಿಗೆಯಿಲ್ಲ ಎಂಬಲ್ಲಿ ಮತ್ತೆ ತಕರಾರು.

"ಇದು ತಪ್ಪು," ಎಂದರು ನರಸಪ್ಪನವರು. "ನಮ್ಮ ದೇವರು ಊರೆಲ್ಲ ತಿರುಗ್ತಾನೆ."

"ಅದು ಸತ್ಯವಾದುದಲ್ಲ. ನೀವು ಅವನನ್ನು ಹೊತ್ತುಕೊಂಡು ಹೋಗುತ್ತೀರಿ," ಎಂದರು ದೊರೆಸಾನಿ.

"ದಸರೇಲಿ ಮಹಾರಾಜರು ಆನೆ ಮೇಲೆ ಕೂತು ಹೋಗ್ತಾರಲ್ಲ ತಾಯಿ, ಅವರಿಗೆ ಕಾಲಿಲ್ವೇನು?"

ದೊರೆಸಾನಿ ನಕ್ಕರು ನೋಡಿ, ಕುರ್ಚಿ ಕಿರ್ರೆಂದಿತು. ಅವರ ಈ ಗುಣ ನನಗೆ ಇಷ್ಟವಾಗುತ್ತಿತ್ತು. ಹಟಮಾರಿ, ಆದರೆ ಸೋತಾಗ ಮುಖ ಗಂಟಿಕ್ಕುತ್ತಿರಲಿಲ್ಲ.

ಖಾದರ್ ಸಾಹೇಬರು ಮಾತ್ರ ಯಾವ ತಕರಾರೂ ಇಲ್ಲದೆ ಸರಸರನೆ ಬರೆದು ಮುಗಿಸಿ, ಹಾಳೆ ಮಡಿಸಿ ದೊರೆಸಾನಿಯ ಕೈಗಿಟ್ಟರು. ಆಮೇಲೆ ಗಡ್ಡ ನೀವಿಕೊಂಡು, "ಒಂದು ಸವಾಲು ಐತೆ ಅಮ್ಮಾ. ಇದು ಯಾರಿಗೆ ಕೊಡ್ತೀರಿ? ಹಮಾರೆ ಪಾಸ್ ಬುತ್‌ಚ್ ನೈ. ನಮ್ಮಲ್ಲಿ ವಿಗ್ರಹಾನೇ ಇಲ್ಲ. ವಿಗ್ರಹ ಇರೋರಿಗೆ ಉರ್ದು ಬರಲ್ಲ. ಕಾಗಜ್ ಖರಾಬು, ಶಾಯಿ ಖರಾಬು" ಎಂದರು. ಪಾಪ, ದೊರೆಸಾನಿ ಇದನ್ನು ಯೋಚಿಸಿಯೇ ಇರಲಿಲ್ಲ. ಉರ್ದು ಹಾಳೆ ಅಲ್ಲಿಗೇ ನಿಂತಿತು. ಖಾದರ್ ಸಾಹೇಬರು ಮಾತ್ರ ದಿನವೂ ಬರುವುದು ಬಿಡಲಿಲ್ಲ, ನಮ್ಮ ಜಗಳ ಕೇಳುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು.

ದೊರೆಸಾನಿಯದು ಇನ್ನೊಂದು ನೇಮ ಇತ್ತು. ಬರೆದದ್ದನ್ನು ಜನರ ಮುಂದೆ ಓದಿ, ಅವರು ಏನು ತಿಳಿದುಕೊಂಡರು ಎಂದು ಅವರ ಬಾಯಿಂದಲೇ ಕೇಳಿ, ಆಮೇಲೆಯೇ ಅಚ್ಚಿಗೆ ಕೊಡುವುದು. ಹಾಗಾಗಿ ಕಾರ್ತಿಕದಲ್ಲಿ ಗಾಡಿ ಹೂಡಿದೆವು. ದೊರೆಸಾನಿ, ನಾನು, ನರಸಪ್ಪನವರು. ಸೋದರತ್ತೆಗೆ ಶಾಲೆಯ ಕೆಲಸ ಎಂದಷ್ಟೇ ಹೇಳಿದ್ದೆ. ದಾರಿಯುದ್ದಕ್ಕೂ ಕಡಲೆಕಾಯಿ ಕೀಳುವ ಹೊತ್ತು. ರಾತ್ರಿ ಸೋನೆ, ಹಗಲು ಎಳೆಬಿಸಿಲು. ಯಾವ ಹೊಲದ ಪಕ್ಕ ಹೋದರೂ ಹೆಂಗಸರು ಕರೆದು ಮಡಿಲಿಗೆ ಹಸಿಕಾಯಿ ಸುರಿಯುವರು. ದೊರೆಸಾನಿ ಸಿಪ್ಪೆ ಬಿಡಿಸಲು ಬಾರದೆ ಹಲ್ಲಿನಲ್ಲಿ ಕಚ್ಚಿ ಮಣ್ಣು ತಿನ್ನುತ್ತಿದ್ದರು.

ತಾವರೆಕೆರೆಯ ಕಣದಲ್ಲಿ ಮೊದಲು ಓದಿದೆ. ಕಲ್ಲು ಬೀಳಬಹುದು ಎಂದುಕೊಂಡಿದ್ದೆ. ಕಾಯಿ ಬಿಡಿಸುತ್ತ ಕೂತಿದ್ದ ರೈತರು ಕಿವಿಗೊಟ್ಟು ಕೇಳಿದರು. ಓದಿ ಮುಗಿದ ಮೇಲೆ ಒಬ್ಬ ಮುದುಕ ತಲೆದೂಗಿ ಹೇಳಿದ:

"ಸರ್‍ಯಾಗಿ ಬರ್ದವ್ರೆ ಕಣಮ್ಮ. ಆ ಕೆಳಗಿನೂರೋರ ದೇವ್ರು ಥೇಟ್ ಇಂಗೇಯ. ಮೂರೊರ್ಸದಿಂದ ಕೇಳ್ಕಂತಾವ್ರೆ, ಒಂದ್ಸಲಾನೂ ಕೆರೆ ತುಂಬ್ಸಲಿಲ್ಲ."

"ನಿಮ್ಮ ದೇವರು?" ಎಂದರು ದೊರೆಸಾನಿ.

"ನಮ್ದಾ? ನಮ್ದು ಬುಡಿ. ನಮ್ದು ಮಾತಾಡ್ತದೆ."

ಕೆಳಗಿನ ಊರಿಗೆ ಹೋದೆವು. ಅಲ್ಲಿಯವರು ಇನ್ನೂ ಸಂತೋಷದಿಂದ ಕೇಳಿದರು. ಇದು ಮೇಲಿನೂರಿನವರ ದೇವರ ಬಗ್ಗೆಯೇ ಬರೆದದ್ದು, ಅಚ್ಚಾದ ಮೇಲೆ ನಮಗೆ ಹತ್ತಾರು ಹಾಳೆ ಕೊಡಿ, ಅವರ ಊರಬಾಗಿಲಿಗೆ ಅಂಟಿಸುತ್ತೇವೆ ಎಂದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಹೋದ ಕಡೆಯೆಲ್ಲ ಇದೇ ಕತೆ. ಎಲ್ಲರೂ ಒಪ್ಪುವರು, ಎಲ್ಲರೂ ಪಕ್ಕದ ಊರಿನ ಕಡೆ ಬೆರಳು ತೋರಿಸುವರು. ಲಿಂಗ ಪೂಜಿಸುವವರು, ನಮ್ಮ ಸ್ವಾಮಿಗೆ ಬಾಯೂ ಇಲ್ಲ, ಕಣ್ಣೂ ಇಲ್ಲ, ಆದ್ದರಿಂದ ಈ ಮಾತು ನಮಗೆ ತಾಗುವುದೇ ಇಲ್ಲ ಎಂದು ವಾದ ಮಾಡಿದರು.

ವೈ.ಎನ್.ಹೊಸಕೋಟೆಯಲ್ಲಿ ನರಸಪ್ಪನವರು ತಮ್ಮ ತೆಲುಗನ್ನು ದೊಡ್ಡ ಗಂಟಲಲ್ಲಿ ಓದಿದರು. ಹಲ್ಲಿಲ್ಲದ ಒಬ್ಬಳು ಅಜ್ಜಿ ಮುಂದೆ ಕೂತು, ಬಾಯುಂಟು ಮಾತಿಲ್ಲ ಎಂಬ ಮಾತು ಬರುತ್ತಲೇ ಕೈ ಎತ್ತಿ ತಡೆದಳು. "ಮಾ ಅತ್ತಕು ನೋರುಂಡ್ಯಾ ಗದಮ್ಮಾ, ಏಂ ಸುಖಂ?" ಎಂದಳು. ನಮ್ಮತ್ತೆಗೆ ಬಾಯಿತ್ತಲ್ಲಮ್ಮ, ಏನು ಸುಖ ಸಿಕ್ಕಿತು ಎಂದು. ಹೆಂಗಸರೆಲ್ಲ ಹೋ ಎಂದು ನಕ್ಕರು. ನರಸಪ್ಪನವರು ಮುಂದಿನ ವಾಕ್ಯ ಓದಲು ಎಷ್ಟು ಸಲ ಗಂಟಲು ಸರಿಮಾಡಿಕೊಂಡರೂ ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಅವರೂ ನಶ್ಯ ಏರಿಸಿ ಕೂತುಬಿಟ್ಟರು.

ತಿರುಗಿ ಬರುವಾಗ ನರಸಪ್ಪನವರು ತಮ್ಮ ಊರಲ್ಲೇ ಉಳಿದರು. ಗಾಡಿಯಲ್ಲಿ ನಾವಿಬ್ಬರೇ. ದೊರೆಸಾನಿಯ ಮುಖ ಬಾಡಿತ್ತು.

"ನಾವು ಚೆನ್ನಾಗಿ ಬರೆಯಲಿಲ್ಲವೇ?" ಎಂದು ಕೇಳಿದರು.

"ಚೆನ್ನಾಗೇ ಬರೆದಿದ್ದೀವಿ ಅಮ್ಮಾ. ಅದಕ್ಕೇ ಎಲ್ಲರಿಗೂ ಪಕ್ಕದೂರು ಕಾಣಿಸ್ತು."

ದೊರೆಸಾನಿ ಹಾಳೆ ಮಡಿಸುತ್ತ, "ನಿನ್ನ ತಂದೆಯ ಊರು ಸಿರಾಕ್ಕೆ ಸಮೀಪದಲ್ಲಿಯೇ ಇದೆಯಲ್ಲವೇ? ಅಲ್ಲಿಯೂ ಓದೋಣ. ಅವರು ತಿಳಿದವರು" ಎಂದರು. ಬೇಡ, ಖಂಡಿತ ಬೇಡ, ತುಮಕೂರಿನ ಮಾತು ಇನ್ನೂ ತೀರ್ಮಾನವಾಗಿಲ್ಲ, ಈ ಹಾಳೆ ಅಲ್ಲಿ ಬಿಚ್ಚಿದರೆ ನನ್ನ ಬದುಕು ಅಲ್ಲಿಗೇ ಮುಗಿಯುತ್ತದೆ ಎಂದು ಬಿಡಿಸಿ ಹೇಳಿದೆ. ದೊರೆಸಾನಿ ನನ್ನ ಕೈ ಹಿಡಿದುಕೊಂಡು, ಹಾಗಾದರೆ ಓದುವುದಿಲ್ಲ, ನಿನ್ನನ್ನು ಮನೆಗೆ ಬಿಟ್ಟು ನಾನು ಕಳ್ಳಂಬೆಳ್ಳದ ಬಂಗಲೆಯಲ್ಲಿ ಇಳಿದುಕೊಳ್ಳುತ್ತೇನೆ ಎಂದರು.

ಓದುವ ಅಗತ್ಯವೇ ಬೀಳಲಿಲ್ಲ. ತಾವರೆಕೆರೆಯಿಂದ ಕಾಯಿ ಕೊಳ್ಳಲು ಬಂದ ವ್ಯಾಪಾರಿಯೊಬ್ಬ ನಮಗಿಂತ ಮುಂಚೆ ನಮ್ಮೂರು ಮುಟ್ಟಿ, ನಿಮ್ಮ ಪೂಜಾರಪ್ಪನ ಮಗಳು ಊರೂರಲ್ಲಿ ಹೀಗೆ ಹೀಗೆ ಓದುತ್ತಿದ್ದಾಳೆ ಎಂದು ಉಸುರಿಬಿಟ್ಟಿದ್ದ. ಪಕ್ಕದ ಊರಿನ ದೇವರ ಬಗ್ಗೆ ಬೇರೆಯವರು ಓದಿದರೆ ಸಂತೋಷ. ನಮ್ಮೂರಿಗೆ ಬಂದ ಸುದ್ದಿಯಲ್ಲಿ ದೇವರೂ ನಮ್ಮದೇ, ಓದಿದವಳೂ ನಮ್ಮವಳೇ. ಗಾಡಿ ಇಳಿದಾಗ ನಮ್ಮ ಜಗಲಿಯ ಮೇಲೆ ಪಟೇಲ ಈರಣ್ಣ ಕೂತಿದ್ದ. ಪಕ್ಕದಲ್ಲಿ ಮಧುಗಿರಿಯ ಭಾವ! ನನ್ನನ್ನು ಕರೆದೊಯ್ಯಲು ಅವನೂ ಆ ದಿನವೇ ಬಂದಿದ್ದ.

"ಪೂಜಾರಪ್ಪ, ನಿನ್ ಮಗ್ಳು ಸ್ವಾಮಿಗೆ ಬಾಯಿಲ್ಲ ಅಂದವ್ಳಂತೆ," ಎಂದ ಪಟೇಲ. "ನೀನು ಆ ಸ್ವಾಮಿಗೇ ನೈವೇದ್ಯ ಇಕ್ಕೋನು. ಹೆಂಗಪ್ಪ ಇದು?"

"ಓದು ಬರಹ ಸಾಕು ಅಂತ ನಾನು ಆಗ್ಲೇ ಅಂದಿದ್ನಲ್ಲ," ಎಂದ ಭಾವ. "ಗಾಡಿ ತಂದಿವ್ನಿ. ಕಳಿಸ್ಬುಡಿ ಮಾವ, ಎಲ್ಲ ಸರಿಹೋಯ್ತದೆ."

"ಇವ್ಳು ತುಮಕೂರಿಗೆ ಹೋಗ್ಬೇಕೋ, ಮಧುಗಿರಿಗೆ ಹೋಗ್ಬೇಕೋ, ಸ್ವಾಮಿನೇ ಕೇಳ್ಬುಡಾನ," ಎಂದ ಪಟೇಲ. "ಬಾಯೈತೋ ಇಲ್ವೋ ಅದೂ ಗೊತ್ತಾಯ್ತದೆ."

ಅಪ್ಪಯ್ಯ ನನ್ನ ಕಡೆ ನೋಡದೆ, "ಆಗ್ಲಿ. ಬೆಳಿಗ್ಗೆ ಹೂ ಕೇಳ್ತೀನಿ" ಎಂದರು.

ಅವರೆಲ್ಲ ಎದ್ದು ಹೋದ ಮೇಲೆ, ದೀಪ ಹಚ್ಚುವ ಹೊತ್ತಿನಲ್ಲಿ, ಅಪ್ಪಯ್ಯ ಕಂಬಕ್ಕೆ ಒರಗಿ ಕೂತು, "ಏನ್ ಬರ್ದಿದ್ದೀಯೋ ಓದವ್ವ, ಕೇಳಾನ" ಎಂದರು. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಅದಕ್ಕೇ ನನಗೆ ಇನ್ನೂ ಹೆದರಿಕೆಯಾಯಿತು. ಓದಿದೆ. ಕಣ್ಣು ಮುಚ್ಚಿ ಕೇಳಿದರು.

"ಕನ್ನಡ ಸೊಗಸಾಗೈತೆ," ಎಂದರು. ಆಮೇಲೆ, "ಬಾಯಿ ಮೂಗು ಎಲ್ಲ ಬರ್ದೆ, ನಮ್ಮ ಸ್ವಾಮಿ ಮೀಸೆನೇ ಬಿಟ್ಬುಟ್ಟಿದ್ದೀಯಲ್ಲೇ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತುಮಕೂರಿನ ಮಾತು ಆಗ ಎತ್ತಬೇಕಿತ್ತು. ನಾಲಿಗೆ ಏಳಲಿಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳು ತಮ್ಮ ಬದುಕಿನ ಮಾತು ತಾವೇ ಎತ್ತುವ ಪದ್ಧತಿ ಇರಲಿಲ್ಲ. ಎದ್ದು ಮುದ್ದೆಗೆ ಎಸರಿಟ್ಟೆ.

ಹೂ ಕೇಳುವುದು ನಮ್ಮ ಸೀಮೆಯಲ್ಲಿ ಹೇಗೆಂದರೆ, ಪೂಜಾರಿ ಎರಡು ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ ದೇವರ ಬಲ ಭುಜಕ್ಕೊಂದು ಎಡ ಭುಜಕ್ಕೊಂದು ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲಿರುವುದನ್ನು ಹೇಳಿ ಕೈಮುಗಿದು ಕಾಯುತ್ತಾರೆ. ಬಲಗಡೆಯ ಹೂ ಬಿದ್ದರೆ ದೇವರು ಆಗಲಿ ಎಂದ ಹಾಗೆ, ಎಡಗಡೆಯದು ಬಿದ್ದರೆ ಬೇಡ ಎಂದ ಹಾಗೆ. ಮದುವೆ, ಜಮೀನು, ಜಗಳ, ಎಲ್ಲ ಆ ಹೂವಿನಲ್ಲಿ ತೀರ್ಮಾನವಾಗುತ್ತಿದ್ದವು. ನಾನು ಪೂಜಾರಿಯ ಮನೆಯ ಹುಡುಗಿ, ಗರ್ಭಗುಡಿಯ ಬಾಗಿಲಲ್ಲಿ ಬೆಳೆದವಳು. ಹಸಿ ಹೂವನ್ನು ಮೆಲ್ಲಗೆ ತಾಗಿಸಿಟ್ಟರೆ ಒಣಗುತ್ತಲೇ ಉದುರುತ್ತದೆ, ಒತ್ತಿ ಅಂಟಿಸಿದರೆ ನಿಲ್ಲುತ್ತದೆ ಎಂಬುದು ನನಗೆ ಗೊತ್ತಿತ್ತು. ಅಪ್ಪಯ್ಯನಿಗೂ ಗೊತ್ತಿತ್ತು. ಆದರೆ ಅವರು ಯಾವತ್ತೂ ಎರಡನ್ನೂ ಒಂದೇ ತೆರ ತಾಗಿಸಿಟ್ಟು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಸ್ವಾಮಿಯ ಬಾಯಿಂದ ಸುಳ್ಳು ಹೇಳಿಸಿದರೆ ಕೈ ಬಿದ್ದುಹೋಗುತ್ತದೆ ಎನ್ನುವರು.

ಬೆಳಿಗ್ಗೆ ಗುಡಿಯ ಅಂಗಳ ತುಂಬಿಹೋಯಿತು. ದೊರೆಸಾನಿಗೂ ಸುದ್ದಿ ಮುಟ್ಟಿ, ಛತ್ರಿ ಹಿಡಿದು ಬೇವಿನ ಮರದ ಕೆಳಗೆ ಬಂದು ನಿಂತರು. ನನ್ನನ್ನು ಹತ್ತಿರ ಕರೆದು, "ನೀನು ಇದನ್ನು ನಂಬುವೆಯಾ?" ಎಂದು ಪಿಸುಗುಟ್ಟಿದರು. "ನನಗೆ ಗೊತ್ತಿಲ್ಲ ಅಮ್ಮಾ, ಆದ್ರೆ ಇವತ್ತು ನನ್ನ ಹಣೆಬರಹ ಅಲ್ಲೇ ಐತೆ" ಎಂದೆ. ಬಾಯಿದ್ದೂ ಮಾತಿಲ್ಲ ಎಂದು ನಾನೇ ಬರೆದು, ನಾನೇ ಊರೂರಿಗೆ ಓದಿ, ಈಗ ಅದೇ ದೇವರ ಮುಂದೆ ನಿಂತು ಅದು ಏನು ಹೇಳುತ್ತದೋ ಎಂದು ಉಸಿರು ಹಿಡಿದಿದ್ದೆ. ಮಾತಾಡಪ್ಪ, ತುಮಕೂರು ಅಂತ ಒಂದು ಮಾತು ಆಡು ಎಂದು ಒಳಗೊಳಗೇ ಬೇಡಿಕೊಂಡೆ. ನಾಚಿಕೆಯೇನೂ ಆಗಲಿಲ್ಲ.

ಗಂಟೆ ಮೊಳಗಿತು. ಅಪ್ಪಯ್ಯ ಗಟ್ಟಿಯಾಗಿ, "ಮಗೂನ ತುಮಕೂರಿಗೆ ಓದಾಕೆ ಕಳಿಸ್ಲೇನಪ್ಪ? ಕಳಿಸಾದಾದ್ರೆ ಬಲ್ಗಡೆ ಕೊಡು, ಮಧುಗಿರಿಗಾದ್ರೆ ಎಡ್ಗಡೆ ಕೊಡು" ಎಂದು ಕೇಳಿ ಹೂ ಅದ್ದಿದರು. ನಾನು ಬಾಗಿಲ ಪಕ್ಕವೇ ನಿಂತಿದ್ದೆ. ಅಪ್ಪಯ್ಯ ಬಲ ಭುಜದ ಮೇಲೆ ಹೂ ಇಟ್ಟರು, ಹೆಬ್ಬೆರಳಿನಿಂದ ಗಂಧ ತೆಗೆದು ಅದರ ಬುಡಕ್ಕೆ ಒತ್ತಿದರು. ಎಡ ಭುಜದ ಮೇಲೂ ಇಟ್ಟರು, ಅದಕ್ಕೂ ಗಂಧ ಒತ್ತಿದರು. ಯಾವತ್ತೂ ಹಾಗೆ ಮಾಡಿದವರಲ್ಲ. ಹಿಂದೆ ನಿಂತವರಿಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ನನಗೆ ಹೆಬ್ಬೆರಳು ಕಂಡಿತು. ಯಾಕೆಂದು ಆಗ ತಿಳಿಯಲಿಲ್ಲ.

ಕಾದೆವು. ಬಿಸಿಲು ಹೊಸಿಲು ದಾಟಿ ಒಳಗೆ ಬಂತು. ಮಗುವೊಂದು ಅತ್ತಿತು, ಯಾರೋ ಮೊಲೆಗೆ ಹಾಕಿಕೊಂಡರು. ಬೆಳ್ಳಿಯ ಕಣ್ಣು ಬಿಟ್ಟುಕೊಂಡು, ಮೀಸೆ ತಿರುವಿಕೊಂಡು ವೀರಭದ್ರ ಸುಮ್ಮನೆ ಕೂತಿದ್ದ. ಆ ಹೂವೂ ಬೀಳಲಿಲ್ಲ, ಈ ಹೂವೂ ಬೀಳಲಿಲ್ಲ. ಪಟೇಲ ಕೆಮ್ಮಿದ. ಭಾವ ಎರಡು ಸಲ ಹೆಗಲ ವಲ್ಲಿ ಕೊಡವಿದ.

ಅಪ್ಪಯ್ಯ ಹೊರಗೆ ಬಂದು ಹೊಸಿಲ ಮೇಲೆ ನಿಂತರು.

"ಸ್ವಾಮಿ ಏನೂ ಅನ್ನಲಿಲ್ಲ," ಎಂದರು.

"ಅಂಗಂದ್ರೇನಪ್ಪ?" ಎಂದ ಪಟೇಲ.

"ಇನ್ನೇನು? ನಿಮ್ ಮನೆ ಯವಾರ, ನೀವೇ ನೋಡ್ಕಳ್ಳಿ ಅಂತ. ಎರಡೂ ಕಡೆ ಕೊಡ್ದಿದ್ರೆ ಮಾತು ಮನೆಗೇ ವಾಪಸ್ಸು. ಇದು ಹಿಂದ್ಲಿಂದ ನಡ್ಕಂಡ್ ಬಂದಿರಾದು, ನಿಂಗೇ ಗೊತ್ತಲ್ಲ ಈರಣ್ಣ."

ಪಟೇಲನಿಗೆ ಗೊತ್ತಿತ್ತು. ಅವನ ಮನೆಯ ಹೊಲದ ಜಗಳದಲ್ಲೂ ಹಾಗೇ ಆಗಿತ್ತು. ಹೂಂ ಎಂದು ತಲೆಯಾಡಿಸಿದ. ಬಲಗಡೆ ಬಿದ್ದಿದ್ದರೆ ಪೂಜಾರಿ ಮಗಳ ಪಕ್ಷ ವಹಿಸಿ ಬೀಳಿಸಿದ ಎಂದು ಊರು ಆಡುತ್ತಿತ್ತು. ಎಡಗಡೆ ಬಿದ್ದಿದ್ದರೆ ನಾನು ಅವತ್ತೇ ಭಾವನ ಗಾಡಿ ಹತ್ತಬೇಕಿತ್ತು. ಅಪ್ಪಯ್ಯ ಸ್ವಾಮಿಯಿಂದ ಸುಳ್ಳು ಹೇಳಿಸಲಿಲ್ಲ, ಸುಮ್ಮನಿರಿಸಿದರು. ಆ ಗಂಧದ ಹೆಬ್ಬೆರಳು ನನಗೆ ಆಗ ಅರ್ಥವಾಯಿತು.

"ಅಂಗಾದ್ರೆ ಹಿರೀಕ್ರು ನಾವು ಕೂತು ಮಾತಾಡಾನ ನಡೀರಿ," ಎಂದು ಭಾವ ಮುಂದೆ ಬಂದ.

"ನಾವು ಮಾತಾಡಿದ್ದು ಸಾಕಾಗೈತೆ ಚನ್ನಬಸಪ್ಪ," ಎಂದರು ಅಪ್ಪಯ್ಯ. "ಅವಳ ಮದ್ವೇಲೂ ನಾವೇ ಮಾತಾಡಿದ್ದು, ನಿನ್ ತಮ್ಮ ಹೋದ ಮೇಲೂ ನಾವೇ ಮಾತಾಡಿದ್ದು. ಈ ಕೂಸಿನ್ನ ಒಬ್ರಾದ್ರೂ ಕೇಳಿದ್ವಾ?"

ನನ್ನ ಕಡೆ ತಿರುಗಿದರು. ಊರಿಗೆ ಊರೇ ತಿರುಗಿತು. ಅಷ್ಟು ಕಣ್ಣು ನನ್ನ ಮೇಲೆ ಬಿದ್ದದ್ದು ಮದುವೆಯ ಹಸೆಯ ಮೇಲೆ ಕೂತಾಗ ಮಾತ್ರ. ಆಗ ತಲೆ ತಗ್ಗಿಸಿಕೊಂಡು ಕೂತಿದ್ದೆ. ಈಗಲೂ ತಲೆ ತಾನಾಗಿಯೇ ತಗ್ಗಿತು.

"ಯಾಕವ್ವ ಸುಮ್ಕೆ ನಿಂತ್ಕಂಡೆ?" ಎಂದರು ಅಪ್ಪಯ್ಯ. "ಬಾಯುಂಟು ಮಾತಿಲ್ಲ ಅಂತ ಸ್ವಾಮಿಗೆ ಅಂದೋಳು ನೀನೇ ತಾನೆ? ನಿಂಗೂ ಬಾಯೈತಲ್ಲ. ಮಾತಾಡು."

ಮರದ ಕೆಳಗೆ ದೊರೆಸಾನಿ ಛತ್ರಿ ಕೆಳಗಿಳಿಸಿದ್ದು ಕಂಡಿತು. ಭಾವ ಹುಬ್ಬು ಗಂಟಿಕ್ಕಿ ನೋಡುತ್ತಿದ್ದ.

"ತುಮಕೂರಿಗೆ ಹೋಗ್ತೀನಿ ಅಪ್ಪಯ್ಯ," ಎಂದೆ. ನನಗೇ ಕೇಳಿಸದಷ್ಟು ಸಣ್ಣಗೆ ಬಂತು.

"ಗಟ್ಟಿಯಾಗಿ ಹೇಳು," ಎಂದು ಅಪ್ಪಯ್ಯ ಗರ್ಭಗುಡಿಯ ಕಡೆ ಕೈ ತೋರಿಸಿದರು. "ಒಳಗಿರೋನಿಗೂ ಕೇಳಿಸ್ಲಿ."

ಕೂಗಿಯೇ ಹೇಳಿದೆ.